ಎಳೆಗೂಸಿನ ಇಸುಬು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಕೂಸಿಗೆ ನೀರೆರೆಯುವುದೆಂದರೆ ಬರಿಯ ಸ್ನಾನವಲ್ಲ, ಅದೊಂದು ವಿಧಿ. ಮೊದಲು ಮೈತುಂಬ ಎಣ್ಣೆ ತಿಕ್ಕುವುದು. ಆಮೇಲೆ ಅಜ್ಜಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ಸುರಿಯುವುದು. ಕಡಲೆಹಿಟ್ಟಿನಿಂದಲೋ ಸಾಬೂನಿನಿಂದಲೋ ಜಿಡ್ಡನ್ನೆಲ್ಲ ಉಜ್ಜಿ ತೆಗೆಯುವುದು. ಕಡೆಗೆ ಲೋಬಾನದ ಹೊಗೆ ಹಾಕಿ, ಬಿಗಿಯಾಗಿ ಸುತ್ತಿ ಮಲಗಿಸುವುದು. ಚರ್ಮ ಗಟ್ಟಿಯಾಗಿರುವ ಕೂಸು ಇದನ್ನು ತಾಳಿಕೊಂಡು ಸುಖವಾಗಿ ನಿದ್ರಿಸುತ್ತದೆ. ಇಸುಬು ಹತ್ತಿದ ಕೂಸಿಗಾದರೋ ಇದೇ ವಿಧಿಯು ದಿನದಿನದ ಶಿಕ್ಷೆಯಾಗುತ್ತದೆ. ಹಾಗೆಂದು ಇದನ್ನು ಬಿಟ್ಟುಬಿಡಿರೆಂದು ಹೇಳಲು ನಾನು ಹೊರಟಿಲ್ಲ. ಇದರ ಕ್ರಮವನ್ನು ಕೊಂಚ ಹಿಂದುಮುಂದು ಮಾಡಿದರೆ ಬಹುಪಾಲು ಕೆಲಸವಾಗುತ್ತದೆ ಎಂಬುದನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

ಇಸುಬು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳೊಳಗೆ ಕೆನ್ನೆ, ಹಣೆಗಳ ಮೇಲೆ ಮೊದಲಾಗುತ್ತದೆ. ಚರ್ಮ ಒರಟಾಗುತ್ತದೆ, ಒಮ್ಮೊಮ್ಮೆ ರಸ ಒಸರುತ್ತದೆ. ಕೂಸು ನಡೆದಾಡುವ ವೇಳೆಗೆ ಮೊಣಕೈ ಮೊಣಕಾಲುಗಳ ಮಡಿಕೆಗಳಿಗೆ ಇಳಿಯುತ್ತದೆ. ಇಂಗ್ಲಿಷ್ ಪುಸ್ತಕಗಳು ಇದರ ಬಣ್ಣ ಕೆಂಪೆಂದು ವರ್ಣಿಸುತ್ತವೆ; ಅದು ಬಿಳಿಯರ ಮಕ್ಕಳನ್ನು ನೋಡಿ ಬರೆದದ್ದು. ನಮ್ಮ ಮಕ್ಕಳ ಮೈಮೇಲೆ ಅದು ಕಂದಾಗಿಯೋ ಬೂದುಬಣ್ಣವಾಗಿಯೋ ಕಾಣುವುದರಿಂದ ತಾಯಂದಿರು ಎಷ್ಟೋ ವೇಳೆ ಕೊಳೆಯೆಂದು ಭಾವಿಸಿ ಇನ್ನಷ್ಟು ಉಜ್ಜುತ್ತಾರೆ.

ಇದನ್ನು ಕಜ್ಜಿಯೆಂದು ತಿಳಿಯುವುದು ಮತ್ತೊಂದು ತಪ್ಪು. ಕಜ್ಜಿಗೆ ಕಾರಣ ಒಂದು ಸೂಕ್ಷ್ಮ ಕೀಟ. ಅದು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ, ರಾತ್ರಿ ಹೆಚ್ಚಾಗಿ ಕಾಡುತ್ತದೆ, ಬೆರಳುಸಂದಿಗಳಲ್ಲಿಯೂ, ಕೂಸಿನಲ್ಲಾದರೆ ಅಂಗೈ ಅಂಗಾಲುಗಳಲ್ಲಿಯೂ ಗುಳ್ಳೆಯೇಳುತ್ತದೆ. ಮನೆಯಲ್ಲಿ ಇನ್ನಾರಾದರೂ ಕೆರೆದುಕೊಳ್ಳುತ್ತಿದ್ದರೆ ಅದನ್ನೇ ಶಂಕಿಸಬೇಕು. ಆಗ ಮನೆಮಂದಿಯೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳತಕ್ಕದ್ದು. ಇಸುಬು ಯಾರಿಗೂ ಅಂಟುವುದಿಲ್ಲ. ಅಂಟೀತೆಂದು ಕೂಸನ್ನು ಎತ್ತಿಕೊಳ್ಳದೆ ದೂರವಿಡುವ ನೆಂಟರನ್ನು ಕಂಡಾಗ ನೋವಾಗುತ್ತದೆ. ಕಜ್ಜಿಯ ಗಂಧಕದ ಮುಲಾಮನ್ನು ಇಸುಬಿಗೆ ಹಚ್ಚಿದರೆ ಉರಿ ಹೆಚ್ಚುವುದೇ ಹೊರತು ಗುಣವಿಲ್ಲ.

ರಕ್ತ ಕೆಟ್ಟಿದೆ, ತಾಯಿ ನಂಜಿನ ಪದಾರ್ಥ ತಿಂದಳು ಎಂಬ ಮಾತುಗಳು ಮನೆಯಲ್ಲಿ ಹುಟ್ಟುತ್ತವೆ. ಬಾಣಂತಿಗೆ ಬದನೆ, ಬೇಳೆ, ತುಪ್ಪ ಒಂದೊಂದಾಗಿ ನಿಲ್ಲುತ್ತವೆ. ಅವಳು ಸೊರಗುತ್ತಾಳೆ, ಇಸುಬು ಇದ್ದಂತೆಯೇ ಇರುತ್ತದೆ. ನಿಜವಾದ ದೋಷವಿರುವುದು ಚರ್ಮದ ಕಟ್ಟಡದಲ್ಲಿ. ನಮ್ಮ ಸೀಮೆಯ ಮಣ್ಣಿನ ಮಾಳಿಗೆಯನ್ನು ನೆನೆಯಿರಿ. ಮೇಲಿನ ಮಣ್ಣು ಬಿರಿದರೆ ಹೊರಗಿನ ಮಳೆ ಒಳಕ್ಕೆ ಸೋರುತ್ತದೆ. ಇಸುಬಿನ ಚರ್ಮದಲ್ಲಿ ಒಳಗಿನ ತೇವ ಹೊರಕ್ಕೂ, ಹೊರಗಿನ ಧೂಳು ಸಾಬೂನುಗಳು ಒಳಕ್ಕೂ ಸೋರುತ್ತವೆ. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಸಸಾರಜನಕದ ಜೀನಿನಲ್ಲಿ ಕೊರತೆಯಿದ್ದವರಿಗೆ ಈ ರೋಗ ಬರುವ ಸಂಭವ ಹೆಚ್ಚೆಂಬುದನ್ನು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ವಿಜ್ಞಾನಿಗಳೂ ಅವರ ಸಂಗಡಿಗರೂ ತೋರಿಸಿದರು. ಅದು ಹುಟ್ಟಿನಿಂದ ಬಂದದ್ದು, ತಾಯಿಯ ತಪ್ಪಲ್ಲ.

ಈಗ ಸ್ನಾನದ ಕ್ರಮಕ್ಕೆ ಬರೋಣ. ನಾವು ಎಣ್ಣೆಯನ್ನು ಮೊದಲು ಹಚ್ಚಿ ಆಮೇಲೆ ಉಜ್ಜಿ ತೆಗೆಯುತ್ತೇವೆ. ಮಾಳಿಗೆಗೆ ಮಣ್ಣು ಮೆತ್ತಿ ಕೂಡಲೇ ಕೆರೆದು ಹಾಕಿದಂತೆ. ಇಸುಬಿನ ಕೂಸಿಗೆ ನೀರು ಮೊದಲು, ಎಣ್ಣೆ ಆಮೇಲೆ. ನೀರು ಉಗುರುಬೆಚ್ಚಗಿರಲಿ, ಐದರಿಂದ ಹತ್ತು ನಿಮಿಷ ಸಾಕು. ಹಿಟ್ಟೂ ಬೇಡ, ಸುವಾಸನೆಯ ಸಾಬೂನೂ ಬೇಡ. ಹಡಗಲಿಯ ಮಲ್ಲಿಗೆಯ ಕಂಪು ತಾಯಿಯ ಮುಡಿಗೆ ಶೋಭೆ. ಕೂಸಿನ ಚರ್ಮಕ್ಕೆ ಯಾವ ಕಂಪೂ ಬೇಕಾಗಿಲ್ಲ. ಮೈಯನ್ನು ಉಜ್ಜದೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರಸಿ, ಇನ್ನೂ ತೇವವಿರುವಾಗಲೇ, ಮೂರು ನಿಮಿಷದೊಳಗೆ, ಬಿಳಿಯ ವ್ಯಾಸಲೀನನ್ನಾಗಲಿ ಶುದ್ಧ ಕೊಬ್ಬರಿ ಎಣ್ಣೆಯನ್ನಾಗಲಿ ಧಾರಾಳವಾಗಿ ಸವರಬೇಕು. ದಿನಕ್ಕೆ ಎರಡು ಮೂರು ಬಾರಿ ಸವರಿದರೆ ಹಸುಳೆಗೆ ವಾರಕ್ಕೆ ಸುಮಾರು 100 ಗ್ರಾಂ ಮುಗಿಯುವುದು ಸಹಜ. ಕೊಳವೆಬಾವಿಯ ಗಡಸುನೀರೇ ಮೂಲವೆಂದು ನಮ್ಮವರು ದೂರುತ್ತಾರೆ. ನೀರನ್ನು ಮೆದುವಾಗಿಸುವ ಯಂತ್ರವಿಟ್ಟು ಇಂಗ್ಲೆಂಡಿನಲ್ಲಿ ನಡೆಸಿದ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಇಸುಬಿಗೆ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆ ಹಣದಲ್ಲಿ ವ್ಯಾಸಲೀನ್ ಕೊಳ್ಳುವುದು ಮೇಲು.

ನಮ್ಮದು ಶೇಂಗಾ ಬೆಳೆಯುವ ನಾಡಾದಕಾರಣ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಿರಿದ ಚರ್ಮಕ್ಕೆ ಶೇಂಗಾ ಎಣ್ಣೆ ಹಚ್ಚಬಾರದು. ಅಂಥ ಎಣ್ಣೆಯಿದ್ದ ಲೇಪಗಳಿಗೂ ಮಕ್ಕಳಿಗೆ ಶೇಂಗಾ ಒಗ್ಗದಿರುವುದಕ್ಕೂ ಸಂಬಂಧವುಂಟೆಂದು 2003ರಲ್ಲಿ ಬ್ರಿಟನ್ನಿನಲ್ಲಿ ಕಂಡುಬಂದಿತು. ಸೋಜಿಗವೇನೆಂದರೆ, ಅದೇ ಶೇಂಗಾ ಬಾಯಿಯ ಮೂಲಕ ಹೋದರೆ ಫಲ ಬೇರೆ. ತೀವ್ರವಾದ ಇಸುಬೋ ಮೊಟ್ಟೆ ಒಗ್ಗದಿರುವ ದೋಷವೋ ಇದ್ದ 640 ಹಸುಳೆಗಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶೇಂಗಾ ವರ್ಜಿಸಿದವರ ಪೈಕಿ ಐದನೆಯ ವರ್ಷಕ್ಕೆ ನೂರಕ್ಕೆ 17 ಮಂದಿಗೆ ಅದು ಒಗ್ಗದಾಯಿತು; ತಿನ್ನಿಸಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಇಡಿಯ ಬೀಜ ಗಂಟಲಿಗೆ ಸಿಕ್ಕೀತು. ನುಣ್ಣಗೆ ಅರೆದು, ಗಂಜಿಯಲ್ಲಿ ಕಲಸಿ ಕೊಡಬೇಕು. ಇಸುಬು ಜೋರಾಗಿದ್ದರೆ ಮೊದಲ ತುತ್ತಿಗೆ ಮುಂಚೆ ವೈದ್ಯರನ್ನು ಕೇಳತಕ್ಕದ್ದು.

ಕುರಿಯ ಉಣ್ಣೆಯ ಕಂಬಳಿ ನೇರವಾಗಿ ಮೈಗೆ ತಾಕಿದರೆ ನವೆ ಹೆಚ್ಚುತ್ತದೆ. ನಡುವೆ ಹಳೆಯ ನೂಲಿನ ಸೀರೆಯನ್ನು ಹಾಸಿದರಾಯಿತು. ಲೋಬಾನದ ಹೊಗೆಯನ್ನು ನಿಲ್ಲಿಸುವುದೇ ಲೇಸು. ಉಗುರು ಕತ್ತರಿಸಿರಬೇಕು.

ಇಷ್ಟಾದರೂ ಕೆರಳಿದ ಇಸುಬಿಗೆ ಔಷಧ ಬೇಕೇ ಬೇಕು. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನ್ ಲೇಪದಿಂದ ಇಸುಬು ಶಮನವಾಗುವುದನ್ನು ತೋರಿಸಿದರು. ಆ ಸೌಮ್ಯವಾದ ಲೇಪವನ್ನು ವೈದ್ಯರು ಹೇಳಿದಷ್ಟು ದಿನ ಹಚ್ಚಲು ಅಂಜಬೇಕಾಗಿಲ್ಲ. ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನುದ್ದಕ್ಕೆ ಹಿಂಡಿದ ಲೇಪವು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಅಂಜಬೇಕಾದದ್ದು ಅಂಗಡಿಯಲ್ಲಿ ಹೆಸರು ಹೇಳಿ ಕೊಳ್ಳುವ ಮಿಶ್ರ ಟ್ಯೂಬಿಗೆ. ಅದರಲ್ಲಿ ಹುಳುಕಡ್ಡಿಯ ಮದ್ದಿನೊಡನೆ ಅತಿ ಪ್ರಬಲವಾದ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡು ದಿನದಲ್ಲಿ ಮೈ ನುಣುಪಾಗುತ್ತದೆ, ಮನೆಮಂದಿ ಹಿಗ್ಗುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಔಷಧ ರಕ್ತಕ್ಕಿಳಿದು ಕೂಸಿನ ಬೆಳವಣಿಗೆಯೇ ಕುಂಠಿತವಾದೀತು. ಅನೇಕ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಭಾರತ ಸರ್ಕಾರ 2018ರಲ್ಲಿ ವಿಧಿಸಿದೆ. ಆದರೂ ಚೀಟಿ ಕೇಳುವ ಅಂಗಡಿಗಳು ಎಷ್ಟಿವೆಯೆಂಬುದನ್ನು ಕೊಂಡವರೇ ಬಲ್ಲರು.

ಇಸುಬಿನ ಮೇಲೆ ಜೇನುಬಣ್ಣದ ಹಕ್ಕಳೆ ಕಟ್ಟಿದರೆ, ಕೀವಾದರೆ, ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಒಂದೇ ಅಳತೆಯ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದು ಒಡೆದು ಹುಣ್ಣಾದರೆ, ಅಮ್ಮ ಬಂದಿದ್ದಾಳೆಂದು ಬೇವಿನಸೊಪ್ಪು ಕಟ್ಟಿ ಕಾಯುವುದು ಅಪಾಯ. ದೊಡ್ಡವರ ತುಟಿಯ ಮೇಲೆ ಏಳುವ ಗುಳ್ಳೆಯ ಸೋಂಕೇ ಇಸುಬಿನ ಚರ್ಮವನ್ನು ಹಿಡಿದಿರಬಹುದು. ಕಣ್ಣಿಗೆ ತಗುಲಿದರೆ ದೃಷ್ಟಿಗೆ, ಮೈಗೆಲ್ಲ ಹಬ್ಬಿದರೆ ಪ್ರಾಣಕ್ಕೆ ಕುತ್ತು. ತುಟಿಯ ಮೇಲೆ ಗುಳ್ಳೆಯಿದ್ದವರು ಕೂಸಿಗೆ ಮುತ್ತಿಡಕೂಡದು.

ಬಹುಮಂದಿ ಮಕ್ಕಳಲ್ಲಿ ಶಾಲೆಗೆ ಸೇರುವ ವಯಸ್ಸಿನ ಹೊತ್ತಿಗೆ ಇಸುಬು ತಗ್ಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಹಿಡಿತಕ್ಕೆ ಬಾರದಿದ್ದರೆ, 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗದ ವೈದ್ಯರಿದ್ದಾರೆ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸಹ, ಗಂಟುಕಟ್ಟಿ ಒಯ್ಯತಕ್ಕದ್ದು, ಬೈದಾರೆಂದು ಬಚ್ಚಿಡಬಾರದು.