ಸುಧಾರಣೆಗೆ ಹಣ ಕೇಳುವ ಮುನ್ನ

ಬಿಸಿನೆಸ್ ಕೇಸ್ ಎಂದರೆ, ಕೆಲಸದ ಕ್ರಮವೊಂದನ್ನು ಬದಲಿಸಲು ಹಣ ಹಾಕುವುದು ಸರಿಯೇ ಎಂಬುದನ್ನು ಲೆಕ್ಕಸಮೇತ ವಿವರಿಸುವ ಟಿಪ್ಪಣಿ. ಅದು ಸಮಸ್ಯೆಯಿಂದ ಶುರುವಾಗಬೇಕು. ‘ಹೊಸ ಸಾಫ್ಟ್‌ವೇರ್ ಬೇಕು’ ಎಂಬುದು ಸಮಸ್ಯೆಯಲ್ಲ, ಆಸೆ.

ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ದಿನಕ್ಕೆ 1,000 ಅಂಗಿ ತಯಾರಾಗಿ, ಅದರಲ್ಲಿ 60 ಮರುಹೊಲಿಗೆಗೆ ವಾಪಸು ಬರುತ್ತವೆ ಎಂದುಕೊಳ್ಳೋಣ. ಬಿಚ್ಚಿ ಹೊಲಿಯಲು ತಲಾ 25 ರೂಪಾಯಿ ಹಿಡಿದರೆ ದಿನಕ್ಕೆ 1,500 ರೂಪಾಯಿ, 300 ದಿನಕ್ಕೆ 4.5 ಲಕ್ಷ. ಹೊಲಿಗೆ ಸಾಲಿನಲ್ಲೇ ತಪಾಸಣೆ ನಡೆಸಲು, ತರಬೇತಿ ಕೊಡಲು ಒಟ್ಟು 1.5 ಲಕ್ಷ ಬೇಕು. ದೋಷ ಅರ್ಧಕ್ಕಿಳಿದರೆ ವರ್ಷಕ್ಕೆ 2.25 ಲಕ್ಷ ಉಳಿತಾಯ. ಹಾಕಿದ ಹಣ 8 ತಿಂಗಳಲ್ಲಿ ಕೈಸೇರುತ್ತದೆ.

ಇಲ್ಲಿಗೇ ಪೆನ್ನು ಕೆಳಗಿಡುವವರು ಹೆಚ್ಚು. ಆದರೆ ‘ಅರ್ಧ’ ಎಂಬುದು ಬರೀ ಅಂದಾಜು. ಕಾಲುಭಾಗ ಮಾತ್ರ ಇಳಿದರೆ ಅದೇ ಹಣ ಮರಳಲು 16 ತಿಂಗಳು ಬೇಕು. ಈ ಎರಡನೆಯ ಲೆಕ್ಕವನ್ನೂ ತೋರಿಸಿದ ಟಿಪ್ಪಣಿಯನ್ನು ಹಣಕಾಸು ವಿಭಾಗದವರು ನಂಬುತ್ತಾರೆ. ಉಳಿತಾಯವಾದ ಸಮಯವನ್ನೆಲ್ಲ ರೂಪಾಯಿಗೆ ತಿರುಗಿಸುವ ಚಟವೂ ಒಳ್ಳೆಯದಲ್ಲ. ಟೈಲರ್‌ಗೆ ದಿನಕ್ಕೆ ಹತ್ತು ನಿಮಿಷ ಉಳಿದ ಮಾತ್ರಕ್ಕೆ ಸಂಬಳದ ಖರ್ಚು ಇಳಿಯುವುದಿಲ್ಲ. ಓವರ್‌ಟೈಮ್ ತಪ್ಪಿದರೆ, ಇಲ್ಲವೇ ಹೆಚ್ಚುವರಿ ಅಂಗಿ ಹೊಲಿದು ಅದು ಮಾರಾಟವಾದರೆ ಮಾತ್ರ ಆ ಸಮಯ ಹಣವಾಗುತ್ತದೆ.

ಏನೂ ಮಾಡದಿದ್ದರೆ ಆಗುವ ನಷ್ಟ, ಅಗ್ಗದ ಬೇರೆ ದಾರಿ, ಎಡವಬಹುದಾದ ಜಾಗ ಇವಕ್ಕೆಲ್ಲ ನಾಲ್ಕಾರು ಸಾಲು ಸಾಕು. ಇಂದಿನ ದೋಷದ ಪ್ರಮಾಣವನ್ನು ಮಾತ್ರ ಕೆಲಸ ಶುರುವಾಗುವ ಮೊದಲೇ ಅಳೆದು ಬರೆದಿಡಬೇಕು. ಮುಂದೆ ಅಳೆಯುವ ಹೊಣೆ ಯಾರದೆಂದೂ ಹೇಳಬೇಕು. ಮೊದಲಿನ ಅಂಕಿಯೇ ಇಲ್ಲದಿದ್ದರೆ, ಆರು ತಿಂಗಳ ನಂತರ ‘ಲಾಭವಾಯಿತೇ?’ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ.