ಕಂಪ್ಯೂಟರಿಗೂ ಬೇಕು ಕಾಯಂ ವಿಳಾಸ

ಕಲಬುರಗಿ: ನಗರದಲ್ಲಿ ಮುಖ್ಯ ಕಚೇರಿ, ಕಮಲಾಪುರದಲ್ಲಿ ಶಾಖೆ ಇರುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳಿ. ವಿದ್ಯುತ್ ಹೋಗಿ ಬಂದೊಡನೆ ಲೆಕ್ಕಪತ್ರದ ಸರ್ವರ್ ಯಾರಿಗೂ ಸಿಗದು, ಗ್ರಾಹಕರ ಸಾಲು ಬೆಳೆಯುತ್ತದೆ. ಹಲವು ಬಾರಿ ಯಂತ್ರ ಕೆಟ್ಟಿರುವುದಿಲ್ಲ; ಅದರ ಐಪಿ ವಿಳಾಸ ಬದಲಾಗಿರುತ್ತದೆ.

ರೂಟರ್ ‘ಡಿಎಚ್‌ಸಿಪಿ’ ವ್ಯವಸ್ಥೆಯ ಮೂಲಕ ಯಂತ್ರಗಳಿಗೆ ನಿಗದಿತ ಅವಧಿಗಷ್ಟೇ ವಿಳಾಸ ನೀಡುತ್ತದೆ. ಇತರ ಯಂತ್ರಗಳು ಹುಡುಕಿಕೊಂಡು ಬರುವ ಸರ್ವರ್, ಪ್ರಿಂಟರ್‌ಗಳಿಗೆ ಆದ್ದರಿಂದ ಸ್ಥಿರ ವಿಳಾಸ ಅಗತ್ಯ.

ರೂಟರ್ 192.168.1.100ರಿಂದ 192.168.1.200ರವರೆಗಿನ ವಿಳಾಸಗಳನ್ನು ಹಂಚುತ್ತಿದ್ದರೆ, ಆ ಮಿತಿಯ ಹೊರಗಿನ, ಬೇರೆ ಯಂತ್ರ ಬಳಸದ 192.168.1.10 ಅನ್ನು ಸರ್ವರ್‌ಗೆ ಕೊಡಬಹುದು. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನ್ಯುಯಲ್’ ಆಯ್ದು, ಈ ವಿಳಾಸವನ್ನೂ ಸಬ್‌ನೆಟ್ ಮಾಸ್ಕ್ 255.255.255.0 ಅನ್ನೂ ತುಂಬಬೇಕು. ಗೇಟ್‌ವೇ, ಡಿಎನ್‌ಎಸ್ ಸ್ಥಾನದಲ್ಲಿ ಸಾಮಾನ್ಯವಾಗಿ ರೂಟರ್‌ನ ವಿಳಾಸವೇ ಸಾಕು. ಒಂದೇ ವಿಳಾಸ ಎರಡು ಯಂತ್ರಗಳಿಗೆ ಬಿದ್ದರೆ ಸಂಪರ್ಕ ಕೆಡುತ್ತದೆ. ಕೊಟ್ಟ ವಿಳಾಸಗಳನ್ನು ಬರೆದಿಡುವುದು ಲೇಸು.

ಆದರೆ ಈ ವಿಳಾಸ ಆ ಕಚೇರಿಯ ಜಾಲದೊಳಗಷ್ಟೇ ಸಲ್ಲುತ್ತದೆ. 192.168ರಿಂದ ಆರಂಭವಾಗುವ ಸಂಖ್ಯೆಗಳನ್ನು 1996ರ ‘ಆರ್‌ಎಫ್‌ಸಿ 1918’ ದಾಖಲೆ ಖಾಸಗಿ ಜಾಲಗಳಿಗೆ ಮೀಸಲಿಟ್ಟಿದೆ. ಕಮಲಾಪುರದ ಶಾಖೆಯು ಕಲಬುರಗಿಯ ಸರ್ವರ್ ತಲುಪಬೇಕಾದರೆ, ಇಂಟರ್‌ನೆಟ್ ಸೇವಾ ಸಂಸ್ಥೆಯಿಂದ ಮುಖ್ಯ ಕಚೇರಿಗೆ ಸಾರ್ವಜನಿಕ ಸ್ಥಿರ ವಿಳಾಸ ಪಡೆದು, ‘ವಿಪಿಎನ್’ ಮೂಲಕ ಸಂಪರ್ಕ ಕಲ್ಪಿಸಿಕೊಳ್ಳುವುದು ಸುರಕ್ಷಿತ ಮಾರ್ಗ.