ನೇಕಾರರೂ ಸಹಕಾರವೂ

ಒಂದು ದೇಶದವರು ಕಷ್ಟಪಟ್ಟು ಕಂಡುಕೊಂಡ ಉಪಾಯವನ್ನು ಇನ್ನೊಂದು ದೇಶದವರು ಕಲಿತುಕೊಳ್ಳುವುದರಲ್ಲಿ ನಾಚಿಕೆಪಡತಕ್ಕುದೇನೂ ಇಲ್ಲ. ಆದರೆ ಕಲಿಯುವುದು ಬೇರೆ, ನಕಲು ಮಾಡುವುದು ಬೇರೆ. ಪರರ ಅಂಗಿಯನ್ನು ಅಳತೆ ನೋಡದೆ ತೊಟ್ಟರೆ ಮೈಗೆ ಒಪ್ಪುವುದಿಲ್ಲ. ಇದಕ್ಕೆ ನಮ್ಮ ಸಹಕಾರ ಚಳವಳಿಯೇ ಒಳ್ಳೆಯ ನಿದರ್ಶನ. ಬನಹಟ್ಟಿಯಂತಹ ನೇಕಾರರ ಊರನ್ನು ಕಣ್ಣಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಿಸೋಣ.

ಬನಹಟ್ಟಿ ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ನೆರೆಯ ರಬಕವಿ ಸಾಂಗಲಿ ಸಂಸ್ಥಾನದ್ದು. ದೊರೆಗಳು ಇಬ್ಬರಾದರೂ ಎರಡೂ ಊರುಗಳಿಗೆ ಅನ್ನ ಕೊಟ್ಟದ್ದು ಮಗ್ಗವೊಂದೇ. ಇಂದು ಆ ಸಂಸ್ಥಾನಗಳಿಲ್ಲ. ಎರಡೂ ಊರುಗಳು ಒಂದೇ ನಗರಸಭೆಗೆ ಒಳಪಟ್ಟಿವೆ. ಕೈಮಗ್ಗದ ಪಕ್ಕದಲ್ಲಿ ವಿದ್ಯುತ್ತಿನ ಮಗ್ಗವೂ ಸದ್ದುಮಾಡುತ್ತಿದೆ. ಆದರೆ ನೇಕಾರನ ಮೂಲವಾದ ತೊಡಕು ಹಳೆಯದೇ. ನೂಲು ಕೊಳ್ಳಲು ಹಣ ಬೇಕು, ಅದು ಅವನಲ್ಲಿಲ್ಲ. ಸಾವಕಾರನು ನೂಲನ್ನು ಕೊಟ್ಟು, ನೇಯ್ದ ಸೀರೆಯನ್ನು ತಾನೇ ತೆಗೆದುಕೊಂಡು, ಕೂಲಿಯಲ್ಲಿ ಹಿಂದಿನ ಮುಂಗಡವನ್ನು ಮುರಿದುಕೊಳ್ಳುವನು. ಹೀಗಾದಾಗ ನೂಲಿನ ಬೆಲೆಯೂ ಬಟ್ಟೆಯ ಬೆಲೆಯೂ ನೇಯುವವನ ಕೈಯಲ್ಲಿ ಉಳಿಯುವುದಿಲ್ಲ.

ಇಂತಹುದೇ ಸಂಕಟ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನ ನೇಕಾರರಿಗೂ ಒದಗಿದ್ದಿತು. ಯಂತ್ರದ ಮಗ್ಗಗಳು ಬಂದು ಕೈಕಸುಬಿನವರ ಕೂಲಿ ಕುಗ್ಗಿದ್ದಿತು. 1844ರಲ್ಲಿ ಅಲ್ಲಿಯ 28 ಮಂದಿ, ಅವರಲ್ಲಿ ಹಲವರು ನೇಕಾರರು, ವಾರವಾರವೂ ಕೆಲವೇ ಪೆನ್ನಿಗಳನ್ನು ಕೂಡಿಟ್ಟು, 28 ಪೌಂಡುಗಳ ಮೂಲಧನದಿಂದ ಒಂದು ಸಣ್ಣ ಅಂಗಡಿಯನ್ನು ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಇವೇ ಮೊದಲಾದವು ಅದರ ಸರಕು. ಅಂಗಡಿ ಸಣ್ಣದು, ಅದರ ಕಟ್ಟಳೆಗಳು ದೊಡ್ಡವು. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ. ಸಾಲವಿಲ್ಲದ ಕೈಗಾಸಿನ ವ್ಯಾಪಾರ. ಹಣ ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಲಾಭವನ್ನು ಕೊಂಡ ಸರಕಿಗೆ ತಕ್ಕಂತೆ ಸದಸ್ಯರಿಗೇ ಹಂಚುವುದು. ಹೆಂಗಸರಿಗೂ ಸದಸ್ಯತ್ವಕ್ಕೆ ಅಡ್ಡಿಯಿರಲಿಲ್ಲ.

ಜರ್ಮನಿಯಲ್ಲಿ ಇದೇ ತತ್ತ್ವ ಬೇರೆ ರೂಪವನ್ನು ತಾಳಿತು. ಅಲ್ಲಿ 1846-47ರ ಬರಗಾಲವನ್ನು ಕಣ್ಣಾರೆ ಕಂಡ ಗ್ರಾಮಾಧಿಕಾರಿ ರೈಫೈಸನ್ ಎಂಬಾತನು ರೈತರಿಗಾಗಿ ಸಾಲದ ಸಂಘಗಳನ್ನು ಬೆಳೆಸಿದನು. ಒಂದು ಸಂಘಕ್ಕೆ ಒಂದೇ ಸಣ್ಣ ಪ್ರದೇಶ. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಹೊಲಮನೆಗಳ ಪತ್ರಕ್ಕಿಂತ ನೆರೆಯವನ ನಡತೆಯೇ ಅಲ್ಲಿ ದೊಡ್ಡ ಜಾಮೀನು. ಪಟ್ಟಣದ ಕಸುಬುದಾರರಿಗಾದರೋ ಷುಲ್ಟ್ಸೆ-ಡೆಲಿಚ್ ಎಂಬ ಮತ್ತೊಬ್ಬ ಮಹನೀಯನು ಪ್ರತ್ಯೇಕವಾದ ಏರ್ಪಾಟನ್ನು ಮಾಡಿದನು. ಒಂದೇ ದೇಶದೊಳಗೂ ರೈತನಿಗೊಂದು ಅಳತೆ, ಕಸುಬುದಾರನಿಗೊಂದು ಅಳತೆ ಎಂಬುದನ್ನು ನಾವಿಲ್ಲಿ ಗಮನಿಸಬೇಕು.

ಈ ಏರ್ಪಾಡುಗಳನ್ನು ನೋಡಿಬರಲು ಮದರಾಸು ಸರಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. 1895 ಮತ್ತು 1897ರಲ್ಲಿ ಪ್ರಕಟವಾದ ಅವನ ವರದಿಯು ಜರ್ಮನಿಯ ಗ್ರಾಮಸಂಘಗಳನ್ನೇ ಮೆಚ್ಚಿತು. 1904ರಲ್ಲಿ ಹಿಂದೂಸ್ಥಾನಕ್ಕೆ ಸಹಕಾರಿ ಸಾಲಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಂಘವನ್ನು ಸ್ಥಾಪಿಸಿದರು. ದೂರದೇಶದ ಬೀಜ ಕನ್ನಡದ ಕರಿಮಣ್ಣಿನಲ್ಲಿ ಹೀಗೆ ಮೊಳೆತದ್ದು ನಮಗೆ ಅಭಿಮಾನದ ಸಂಗತಿ.

ಆದರೆ ಆ ಕಾಯಿದೆಯ ದೃಷ್ಟಿ ಸಾಲದ ಮೇಲೆ ಮಾತ್ರವೇ ಇದ್ದಿತು. ನೇಕಾರನಿಗೆ ಸಾಲವೊಂದರಿಂದಲೇ ಬಿಡುಗಡೆಯಿಲ್ಲ. ಸಾಲ ತಂದು ನೂಲು ಕೊಂಡರೂ, ಸೀರೆಯನ್ನು ಹಳೆಯ ಸಾವಕಾರನಿಗೇ ಅವನು ಹೇಳಿದ ಬೆಲೆಗೆ ಮಾರಬೇಕಾದರೆ ಬಂದ ಪ್ರಯೋಜನವೇನು? ಸಗಟಾಗಿ ನೂಲು ತರಿಸುವ, ಬಣ್ಣ ಹಾಕಿಸುವ, ಬಟ್ಟೆಯನ್ನು ಮಾರುವ ಸಂಘಗಳು ಬೇಕಾಗಿದ್ದವು. ಈ ಕೊರತೆಯನ್ನು ಮನಗಂಡು 1912ರ ಕಾಯಿದೆಯಲ್ಲಿ ಸಾಲವಲ್ಲದ ಇತರ ಉದ್ದೇಶಗಳ ಸಂಘಗಳಿಗೂ ಅವಕಾಶ ಕೊಟ್ಟರು. ಎರವಲು ತಂದ ಅಂಗಿಯನ್ನು ನಮ್ಮ ಮೈಗೆ ಹೊಂದಿಸಿದುದು ಇಲ್ಲಿಂದ ಮೊದಲಾಯಿತು.

ಇನ್ನೂ ಒಂದು ಭೇದವನ್ನು ಮರೆಯಬಾರದು. ರಾಚ್‌ಡೇಲಿನಲ್ಲಿ ಸಂಘವು ಸದಸ್ಯರ ಜೇಬಿನಿಂದ ಹುಟ್ಟಿತು. ನಮ್ಮಲ್ಲಿ ಬಹುಮಟ್ಟಿಗೆ ಸರಕಾರದ ಕಾಯಿದೆಯಿಂದ ಹುಟ್ಟಿತು. ಆದುದರಿಂದ ಸಂಘವು ಸರಕಾರದ್ದು, ಅದರ ಹಣ ಸರಕಾರದ ಹಣ ಎಂಬ ಭಾವನೆ ಜನರಲ್ಲಿ ಬೇರೂರುವುದು ಸುಲಭ. ಹಾಗೆ ಭಾವಿಸಿದವನಿಗೆ ಸಾಲ ತೀರಿಸುವ ಅವಸರವಿರುವುದಿಲ್ಲ. ಲೆಕ್ಕ ಕೇಳುವ ಆಸ್ಥೆಯೂ ಇರುವುದಿಲ್ಲ. ಕಟ್ಟಡ, ಕಾಯಿದೆ, ಮುದ್ರೆ ಇವುಗಳನ್ನು ಪರದೇಶದಿಂದ ತರಬಹುದು. ಸ್ವಂತ ಉಳಿತಾಯದ ಅಭ್ಯಾಸವನ್ನು ಮಾತ್ರ ಇಲ್ಲಿಯೇ ಬೆಳೆಸಬೇಕು.

ಹಾಗಾದರೆ ನೇಕಾರರ ಊರು ಕಲಿಯತಕ್ಕುದೇನು? ಸದಸ್ಯರು ಅಲ್ಪವಾದರೂ ತಮ್ಮದೇ ಹಣವನ್ನು ಕೂಡಿಸಲಿ. ಸಾಲದೊಡನೆ ನೂಲನ್ನೂ ಮಾರಾಟವನ್ನೂ ಸಂಘವೇ ವಹಿಸಿಕೊಳ್ಳಲಿ. ಲೆಕ್ಕವನ್ನು ಎಲ್ಲರೆದುರಿಗೆ ಓದಿ ಹೇಳಲಿ. ಕಂಡಿಕೆ ಸುತ್ತುವ ಹೆಂಗಸಿನ ದುಡಿಮೆಯಿಲ್ಲದೆ ಮಗ್ಗ ಓಡದು. ಅವಳ ಹೆಸರೂ ಸದಸ್ಯರ ಪಟ್ಟಿಯಲ್ಲಿರಲಿ. ಹಾಸು ಎಲ್ಲಿಂದ ಬಂದರೂ ಬರಲಿ, ಹೊಕ್ಕು ನಮ್ಮದಾಗಿರಬೇಕು. ಎರಡೂ ಕೂಡಿದಲ್ಲದೆ ಬಟ್ಟೆಯಾಗದೆಂಬುದನ್ನು ಬನಹಟ್ಟಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.